ಕನ್ನಡ ಪಿಎಚ್‌.ಡಿ.ಗೆ ಇಂಗ್ಲಿಷ್ ಜರಡಿ

ನೆಟ್ ಫಲಿತಾಂಶ ಬಂದ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. "ಸರ್, ತೊಂಬತ್ತೆರಡು ಬಂದೈತ್ರಿ. ಮನ್ಯಾಗ ಓಣಿಗೆಲ್ಲಾ ಪೇಡೆ ಹಂಚ್ಯಾರ. ಆದ್ರ ಜೆಆರ್‌ಎಫ್ ಆಗಿಲ್ಲಂತ ತೋರಸ್ತೈತಿ. ಹೆಂಗ್ರಿ ಇದು?"

ಅಂಕಪಟ್ಟಿಯ ಫೋಟೊ ಕಳಿಸಲು ಹೇಳಿದೆ. ಮೊದಲ ಪತ್ರಿಕೆಯಲ್ಲಿ ನೂರಕ್ಕೆ 48, ಎರಡನೆಯದರಲ್ಲಿ ಇನ್ನೂರಕ್ಕೆ 136. ಒಟ್ಟು ಮುನ್ನೂರಕ್ಕೆ 184. ಅವಳು ಹೇಳಿದ ತೊಂಬತ್ತೆರಡು ಅಂಕವೂ ಆಗಿರಲಿಲ್ಲ, ಶೇಕಡಾವಾರೂ ಆಗಿರಲಿಲ್ಲ. ಅದು ಪರ್ಸೆಂಟೈಲ್. ಕನ್ನಡ ವಿಷಯದಲ್ಲಿ ಪರೀಕ್ಷೆ ಬರೆದ ನೂರು ಜನರಲ್ಲಿ 92 ಮಂದಿಯ ಅಂಕ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಎಂದು ಅದರ ಅರ್ಥ. ನಿಜವಾದ ಶೇಕಡಾ ಲೆಕ್ಕ 61ರ ಆಸುಪಾಸಿನದು. ಪಟ್ಟಿಯ ಕೊನೆಗೆ 'ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ ಅರ್ಹ' ಎಂದಿತ್ತು. ಫೆಲೋಶಿಪ್ ಇಲ್ಲ, ಅಧ್ಯಾಪಕಿಯಾಗುವ ಅರ್ಹತೆಯೂ ಇಲ್ಲ.

ಅರ್ಧ ಗಂಟೆ ಲೆಕ್ಕ ವಿವರಿಸಿದೆ. ಎಲ್ಲ ಕೇಳಿಸಿಕೊಂಡ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು: "ಕನ್ನಡದಾಗ ನಾ ಕಮ್ಮಿ ಬಿದ್ದೀನೇನ್ರಿ?"

ಇಲ್ಲ. ಅವಳು ಕನ್ನಡದಲ್ಲಿ ಕಡಿಮೆ ಬಿದ್ದಿರಲಿಲ್ಲ. ಈ ಮಾತನ್ನು ಅವಳಿಗೆ ಹೇಳಿ ಸುಮ್ಮನಾಗುವುದು ಸುಲಭವಿತ್ತು. ಆದರೆ ಹತ್ತಾರು ವರ್ಷ ಕನ್ನಡ ಎಂ.ಎ. ವಿದ್ಯಾರ್ಥಿಗಳನ್ನು ಈ ಪರೀಕ್ಷೆಗೆ ತಯಾರು ಮಾಡಿದ ನಾನು, ನಮ್ಮ ಮಕ್ಕಳು ಎಲ್ಲಿ ಸೋಲುತ್ತಿದ್ದಾರೆ ಎಂಬುದನ್ನು ಸಾರ್ವಜನಿಕವಾಗಿ ಒಮ್ಮೆಯಾದರೂ ಹೇಳಬೇಕು. ಅದಕ್ಕೆ ಮೊದಲು ಪರೀಕ್ಷೆಯ ರಚನೆ ಗೊತ್ತಿರಬೇಕು. ಈ ಪರೀಕ್ಷೆಯ ಅನ್ಯಾಯ ಅದರ ಲೆಕ್ಕದೊಳಗೇ ಇದೆ. ಲೆಕ್ಕ ತಿಳಿಯದೆ ಸಿಟ್ಟು ಮಾಡಿಕೊಂಡರೆ ಆ ಸಿಟ್ಟು ಎಲ್ಲೆಲ್ಲೋ ಹೋಗುತ್ತದೆ.

ಯುಜಿಸಿ-ನೆಟ್‌ನಲ್ಲಿ ಎರಡು ಪತ್ರಿಕೆಗಳು. ನಡುವೆ ಬಿಡುವಿಲ್ಲದೆ ಮೂರು ಗಂಟೆ. ಮೊದಲ ಪತ್ರಿಕೆ ಎಲ್ಲ ವಿಷಯದವರಿಗೂ ಸಮಾನ. ಬೋಧನಾ ಸಾಮರ್ಥ್ಯ, ಸಂಶೋಧನಾ ಸಾಮರ್ಥ್ಯ, ಗದ್ಯಭಾಗದ ಗ್ರಹಿಕೆ, ಸಂವಹನ, ಗಣಿತ, ತರ್ಕ, ದತ್ತಾಂಶ ವಿಶ್ಲೇಷಣೆ, ಮಾಹಿತಿ ತಂತ್ರಜ್ಞಾನ, ಪರಿಸರ, ಉನ್ನತ ಶಿಕ್ಷಣ ವ್ಯವಸ್ಥೆ ಎಂಬ ಹತ್ತು ಘಟಕಗಳಿಂದ ಐವತ್ತು ಪ್ರಶ್ನೆಗಳು. ಎರಡನೇ ಪತ್ರಿಕೆ ಅವರವರ ವಿಷಯದ್ದು, ನೂರು ಪ್ರಶ್ನೆಗಳು. ಒಂದೊಂದಕ್ಕೆ ಎರಡು ಅಂಕ, ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವಂಥವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೂರೆಂಬತ್ತು ನಿಮಿಷಗಳನ್ನು ನೂರೈವತ್ತು ಪ್ರಶ್ನೆಗಳಿಗೆ ಹಂಚಿದರೆ ಒಂದು ಪ್ರಶ್ನೆಗೆ ಸಿಗುವುದು 72 ಸೆಕೆಂಡು.

ಸಾಮಾನ್ಯ ವರ್ಗದವರು ಎರಡೂ ಪತ್ರಿಕೆ ಸೇರಿ ಶೇ. 40, ಮೀಸಲು ವರ್ಗದವರು ಶೇ. 35 ಅಂಕ ಪಡೆಯಬೇಕು. ಇದು ಹೊಸ್ತಿಲು ಮಾತ್ರ. ಎರಡೂ ಪತ್ರಿಕೆ ಬರೆದವರಲ್ಲಿ ಶೇ. 6ರಷ್ಟು ಜನರನ್ನು ಮಾತ್ರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರೆಂದು ಘೋಷಿಸುತ್ತಾರೆ. ಜೆಆರ್‌ಎಫ್ ಅದಕ್ಕಿಂತಲೂ ಮೇಲಿನ ಕಿರಿದಾದ ತುದಿ. ಈ ಸ್ಥಾನಗಳನ್ನು ವಿಷಯವಾರು, ವರ್ಗವಾರು ಹಂಚುತ್ತಾರೆ. ಎಂದರೆ ಕನ್ನಡದ ವಿದ್ಯಾರ್ಥಿಯ ಸ್ಪರ್ಧೆ ಕನ್ನಡದವರ ಜೊತೆಗೇ. ಈ ಅಂಶವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2024ರಿಂದ ಇನ್ನೊಂದು ಬದಲಾವಣೆಯಾಯಿತು. ವಿಶ್ವವಿದ್ಯಾಲಯಗಳು ತಮ್ಮ ಪಿಎಚ್‌.ಡಿ. ಪ್ರವೇಶ ಪರೀಕ್ಷೆಯ ಬದಲು ನೆಟ್ ಅಂಕಗಳನ್ನೇ ಬಳಸಬಹುದು ಎಂದು ಯುಜಿಸಿ ಹೇಳಿತು. ಅಲ್ಲಿಗೆ ಅರ್ಹರಲ್ಲಿ ಮೂರು ಪಂಕ್ತಿಗಳಾದವು. ಜೆಆರ್‌ಎಫ್ ಪಡೆದವರಿಗೆ ಸಂದರ್ಶನ ಸಾಕು. ಅಧ್ಯಾಪಕ ಅರ್ಹತೆ ಪಡೆದವರಿಗೆ ಮತ್ತು 'ಪಿಎಚ್‌.ಡಿ.ಗೆ ಮಾತ್ರ' ಅರ್ಹರಾದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಪ್ರವೇಶಕ್ಕೆ ಆ ಅಂಕದ ಆಯಸ್ಸು ಒಂದೇ ವರ್ಷ. ನನ್ನ ವಿದ್ಯಾರ್ಥಿನಿ ಈ ಮೂರನೇ ಪಂಕ್ತಿಯವಳು. ಒಂದು ವರ್ಷದೊಳಗೆ ಮಾರ್ಗದರ್ಶಕರನ್ನೂ ಸೀಟನ್ನೂ ಹುಡುಕಿಕೊಳ್ಳಬೇಕು. ಸಿಕ್ಕರೂ ತಿಂಗಳಿಗೆ 37,000 ರೂಪಾಯಿಯ ಆ ಫೆಲೋಶಿಪ್ ಅವಳ ಪಾಲಿಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕನ್ನಡ ವಿಷಯದ ಎರಡನೇ ಪತ್ರಿಕೆ ಕನ್ನಡದಲ್ಲಿರುತ್ತದೆ. ಮೊದಲ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಪಂಪನಿಂದ ದೇವನೂರರವರೆಗೆ ಓದಿಕೊಂಡ, ಮುಂದೆ ಕನ್ನಡದಲ್ಲೇ ಮಹಾಪ್ರಬಂಧ ಬರೆದು ಕನ್ನಡದಲ್ಲೇ ಪಾಠ ಮಾಡಲಿರುವ ವಿದ್ಯಾರ್ಥಿಯ ಮೂರನೇ ಒಂದು ಭಾಗದ ಅಂಕ ನಿರ್ಧಾರವಾಗುವುದು ಅವಳದಲ್ಲದ ಭಾಷೆಯಲ್ಲಿ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಮೊದಲ ಪತ್ರಿಕೆಯ ತರ್ಕದ ಘಟಕದಲ್ಲಿ ಭಾರತೀಯ ತರ್ಕಶಾಸ್ತ್ರವಿದೆ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ, ವ್ಯಾಪ್ತಿ, ಹೇತ್ವಾಭಾಸ. ಕಾವ್ಯಮೀಮಾಂಸೆ ಓದಿದ ಕನ್ನಡ ವಿದ್ಯಾರ್ಥಿಗೆ ಈ ಪದಗಳು ಹೊಸವಲ್ಲ. ಕನ್ನಡ ಲಿಪಿಯಲ್ಲಿ ಬರೆದು ಕೊಟ್ಟರೆ ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ಅದೇ ಪದಗಳು ರೋಮನ್ ಲಿಪಿಯಲ್ಲಿ, ಉದ್ದನೆಯ ಇಂಗ್ಲಿಷ್ ವಾಕ್ಯದ ನಡುವೆ ಬಂದಾಗ, 72 ಸೆಕೆಂಡಿನಲ್ಲಿ ನಲವತ್ತು ಅದನ್ನು ಬಿಡಿಸಿ ಓದುವುದಕ್ಕೇ ಹೋಗುತ್ತದೆ. ನಾನು ಭಾನುವಾರದ ತರಗತಿಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿದರೆ ಇಡೀ ತರಗತಿ ಉತ್ತರಿಸುತ್ತದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ತೋರಿಸಿದರೆ ಮೊದಲೆರಡು ಬೆಂಚು ಮಾತ್ರ.

ಈ ಮಾತು ಎತ್ತಿದ ಕೂಡಲೇ ಮೂರು ಉತ್ತರಗಳು ಬರುತ್ತವೆ. ಅವು ಹೊರಗಿನವರದ್ದಲ್ಲ, ನಮ್ಮ ಕನ್ನಡ ವಿಭಾಗಗಳ ಸ್ಟಾಫ್ ರೂಮಿನಲ್ಲೇ ಕೇಳಿದವು.

ಮೊದಲನೆಯದು: "ಸಂಶೋಧನೆ ಮಾಡುವವರಿಗೆ ಇಂಗ್ಲಿಷ್ ಬರಬೇಡವೇ?" ಬರಲಿ. ನನಗೂ ಅದೇ ಆಸೆ. ಆದರೆ ಇಂಗ್ಲಿಷ್ ಜ್ಞಾನ ಅಳೆಯುವುದೇ ಈ ಪತ್ರಿಕೆಯ ಉದ್ದೇಶವಾಗಿದ್ದರೆ ಹಿಂದಿಯ ಆಯ್ಕೆ ಯಾಕಿದೆ? ಹಿಂದಿ ಸಾಹಿತ್ಯದ ವಿದ್ಯಾರ್ಥಿ ಇಂಗ್ಲಿಷಿನ ಒಂದು ವಾಕ್ಯವನ್ನೂ ಓದದೆ ಎರಡೂ ಪತ್ರಿಕೆಗಳನ್ನು ಬರೆದು ಜೆಆರ್‌ಎಫ್ ಪಡೆಯಬಹುದು. ಸಂಶೋಧನೆಗೆ ಇಂಗ್ಲಿಷ್ ಅನಿವಾರ್ಯ ಎಂಬ ತತ್ವ ಅವನಿಗೆ ಅನ್ವಯಿಸುವುದಿಲ್ಲ, ಕೊಪ್ಪಳದ ಹುಡುಗಿಗೆ ಅನ್ವಯಿಸುತ್ತದೆ. ಹಾಗಿದ್ದರೆ ಅದು ತತ್ವವಲ್ಲ, ಒಂದು ಭಾಷೆಯವರಿಗೆ ಕೊಟ್ಟ ವಿನಾಯಿತಿ.

ಅಷ್ಟೇ ಅಲ್ಲ. ನನ್ನ ವಿದ್ಯಾರ್ಥಿನಿ ಕೆಲಸ ಮಾಡಬೇಕೆಂದಿರುವುದು ಮೊಹರಂ ಹಬ್ಬದಲ್ಲಿ ಹಾಡುವ ರಿವಾಯತ್ ಪದಗಳ ಮೇಲೆ. ತನ್ನ ಊರಿನ ಸುತ್ತಿನ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಬಳಿ ರಾತ್ರಿಯಿಡೀ ಕೂತು ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಾಳೆ. ಒಂದೇ ಹಾಡು ಎರಡು ಹಳ್ಳಿಗಳಲ್ಲಿ ಬೇರೆ ಬೇರೆಯಾಗಿ ಮುಗಿಯುವುದು ಯಾಕೆ ಎಂದು ನನ್ನನ್ನು ಕೇಳಿದ್ದಳು. ಆ ಪ್ರಶ್ನೆಗೆ ಉತ್ತರ ಹುಡುಕಲು ಅವಳಿಗೆ ದಖನಿ ಉರ್ದು ಬೇಕು. ಹಳಗನ್ನಡ ಶಾಸನಗಳ ಮೇಲೆ ಕೆಲಸ ಮಾಡುವವರಿಗೆ ಸಂಸ್ಕೃತ, ಪ್ರಾಕೃತ ಬೇಕು. ಕನ್ನಡ ಸಂಶೋಧನೆಗೆ ಬೇಕಾದ ಭಾಷೆಗಳ ಪಟ್ಟಿ ಉದ್ದವಿದೆ. ಅದರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಪ್ರವೇಶದ ಬಾಗಿಲಲ್ಲಿ ಕಾವಲು ನಿಲ್ಲಿಸಿರುವುದಕ್ಕೆ ಪಾಂಡಿತ್ಯದ ಕಾರಣವೇನೂ ಇಲ್ಲ.

ಎರಡನೆಯ ಉತ್ತರ ಜಾಣತನದ್ದು: "ಸ್ಪರ್ಧೆ ಕನ್ನಡದವರ ನಡುವೆ ಮಾತ್ರ. ಎಲ್ಲರಿಗೂ ಮೊದಲ ಪತ್ರಿಕೆ ಕಷ್ಟ. ಎಲ್ಲರ ಅಂಕವೂ ಇಳಿದರೆ ಕಟ್‌ಆಫ್ ಕೂಡ ಇಳಿಯುತ್ತದೆ. ನಷ್ಟವೆಲ್ಲಿ?" ನಾನೂ ಬಹಳ ಕಾಲ ಇದನ್ನು ನಂಬಿದ್ದೆ. ಅಂಕಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದ ಮೇಲೆ ಇದರ ಹುಳುಕು ತಿಳಿಯಿತು.

ಅವಳ ಬ್ಯಾಚಿನ ಹುಡುಗನೊಬ್ಬನಿಗೆ ಅದೇ ಸಲ ಜೆಆರ್‌ಎಫ್ ಬಂತು. ಇಬ್ಬರದೂ ಒಂದೇ ವರ್ಗ. ಅವನಿಗೆ ಕನ್ನಡ ಪತ್ರಿಕೆಯಲ್ಲಿ 124, ಮೊದಲ ಪತ್ರಿಕೆಯಲ್ಲಿ 74. ಒಟ್ಟು 198. ಕನ್ನಡದಲ್ಲಿ ಅವಳು ಅವನಿಗಿಂತ 12 ಅಂಕ, ಎಂದರೆ ಆರು ಪ್ರಶ್ನೆ ಮುಂದಿದ್ದಳು. ಮೊದಲ ಪತ್ರಿಕೆಯಲ್ಲಿ 26 ಅಂಕ, ಹದಿಮೂರು ಪ್ರಶ್ನೆ ಹಿಂದೆ ಬಿದ್ದಳು. ಹುಡುಗ ಒಳ್ಳೆಯವನು, ಶ್ರಮಪಟ್ಟು ಓದಿದವನು, ಅವನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅವನೇ ಹೇಳಿದ: "ಸರ್, ನಾನು ಪಿಯುಸಿವರೆಗೂ ಸಿಟಿಯಲ್ಲಿ ಇಂಗ್ಲಿಷ್ ಮೀಡಿಯಂ ಓದಿದವನು. ಪೇಪರ್ ಒನ್ ನನಗೆ ಓದಿಕೊಂಡು ಹೋಗುವಷ್ಟೇ ಕೆಲಸ."

ಪರ್ಸೆಂಟೈಲ್ ಎಂಬ ಅಳತೆ ಮುಚ್ಚಿಡುವುದು ಇದನ್ನೇ. ಕಾಗದದ ಮೇಲೆ ಮೊದಲ ಪತ್ರಿಕೆಯ ತೂಕ ಮೂರನೇ ಒಂದು. ಆದರೆ ಎಂ.ಎ. ಮುಗಿಸಿ ಗಂಭೀರವಾಗಿ ತಯಾರಾದ ವಿದ್ಯಾರ್ಥಿಗಳು ತಮ್ಮ ವಿಷಯದಲ್ಲಿ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುತ್ತಾರೆ. ನಾನು ನೋಡಿದ ಪಟ್ಟಿಗಳಲ್ಲಿ ಅವರ ನಡುವೆ ದೊಡ್ಡ ಅಂತರ ಬೀಳುವುದು ಮೊದಲ ಪತ್ರಿಕೆಯಲ್ಲೇ. ರ‍್ಯಾಂಕನ್ನು ನಿರ್ಧರಿಸುವುದು ಅಂತರ. ಆದ್ದರಿಂದ ಮೇಲಿನ ಶೇ. 6ರೊಳಗೆ ಯಾರು ಎಂಬ ತೀರ್ಮಾನದಲ್ಲಿ ಮೊದಲ ಪತ್ರಿಕೆಯ ಮಾತು ಅದರ ಅಂಕಕ್ಕಿಂತ ಜೋರಾಗಿರುತ್ತದೆ. ಕಟ್‌ಆಫ್ ಇಳಿಯಬಹುದು, ಆದರೆ ಯಾರು ಒಳಗೆ ಬರುತ್ತಾರೆ ಎಂಬುದು ಬದಲಾಗಿರುತ್ತದೆ. ಕನ್ನಡದ ಸಂಶೋಧಕರನ್ನು ಕನ್ನಡದವರ ನಡುವಿನಿಂದಲೇ ಆರಿಸುತ್ತಿದ್ದೇವೆ, ನಿಜ. ಆರಿಸುವ ಜರಡಿ ಮಾತ್ರ ಇಂಗ್ಲಿಷಿನದು. ಆ ಜರಡಿಯಲ್ಲಿ ಉಳಿಯುವುದು ಕನ್ನಡ ಚೆನ್ನಾಗಿ ಬಲ್ಲವರು ಎಂಬ ಖಾತ್ರಿಯಿಲ್ಲ. ಒಳ್ಳೆಯ ಶಾಲೆ ಸಿಕ್ಕಿದವರು ಎಂಬುದಕ್ಕೆ ಹೆಚ್ಚು ಖಾತ್ರಿಯಿದೆ.

ಮೂರನೆಯ ಉತ್ತರ ಆಡಳಿತದ್ದು: "ಇಷ್ಟೊಂದು ಭಾಷೆಗಳಿಗೆ ಅನುವಾದಿಸುವುದು ಆಗದ ಕೆಲಸ." ನೆಟ್ ನಡೆಸುವ ಎನ್‌ಟಿಎ ಸಂಸ್ಥೆಯೇ ವೈದ್ಯಕೀಯ ಪ್ರವೇಶದ ನೀಟ್ ಅನ್ನು ಹದಿಮೂರು ಭಾಷೆಗಳಲ್ಲಿ ನಡೆಸುತ್ತದೆ. ಅದರಲ್ಲಿ ಕನ್ನಡವಿದೆ. ಜೆಇಇ ಮೇನ್ 2021ರಿಂದ ಹದಿಮೂರು ಭಾಷೆಗಳಲ್ಲಿದೆ. ಅದರಲ್ಲೂ ಕನ್ನಡವಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಪ್ರಶ್ನೆಗಳನ್ನು ಕನ್ನಡಕ್ಕೆ ತರಬಲ್ಲವರಿಗೆ ಬೋಧನಾ ಸಾಮರ್ಥ್ಯದ ಐವತ್ತು ಪ್ರಶ್ನೆಗಳು ಕಷ್ಟವೇ? ನಮ್ಮ ರಾಜ್ಯದ ಕೆ-ಸೆಟ್ ಪರೀಕ್ಷೆಯ ಮೊದಲ ಪತ್ರಿಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಅದೇ ಬಗೆಯ ಪಠ್ಯಕ್ರಮ, ಅದೇ ಬಗೆಯ ಪ್ರಶ್ನೆಗಳು. ಬೇಕಾದ ಪರಿಭಾಷೆ ಆಗಲೇ ಸಿದ್ಧವಿದೆ. ಆದರೆ ಕೆ-ಸೆಟ್ ಕೊಡುವುದು ಅಧ್ಯಾಪಕರಾಗುವ ಅರ್ಹತೆಯನ್ನು ಮಾತ್ರ, ಫೆಲೋಶಿಪ್ ಅಲ್ಲ. ಹಣ ಇರುವುದು ಇಂಗ್ಲಿಷ್-ಹಿಂದಿಯ ಬಾಗಿಲ ಹಿಂದೆ.

ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರವನ್ನು ಕನ್ನಡ ಮಾಧ್ಯಮದಲ್ಲಿ ಎಂ.ಎ. ಮಾಡಿದವರ ಪಾಡು ಇನ್ನೂ ಕಷ್ಟ. ಅವರಿಗೆ ಎರಡೂ ಪತ್ರಿಕೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲೇ. ಆದರೆ ನಾನು ಕನ್ನಡ ವಿಷಯವನ್ನೇ ಹಿಡಿದು ಮಾತಾಡುತ್ತಿರುವುದಕ್ಕೆ ಕಾರಣವಿದೆ. ಉಳಿದ ವಿಷಯಗಳಲ್ಲಿ ಪಾರಿಭಾಷಿಕ ಪದಗಳ ನೆಪ ಹೇಳಬಹುದು, ಆಕರ ಗ್ರಂಥಗಳ ನೆಪ ಹೇಳಬಹುದು. ಕನ್ನಡ ವಿಷಯದಲ್ಲಿ ಯಾವ ನೆಪವೂ ಉಳಿಯುವುದಿಲ್ಲ.

ಇಲ್ಲಿ ನನ್ನ ಸಹೋದ್ಯೋಗಿಗಳು ಕೆಲವರು ಇನ್ನೊಂದು ಮಾತು ಹೇಳುತ್ತಾರೆ. ಬಹು ಆಯ್ಕೆಯ ಪ್ರಶ್ನೆಗಳೇ ಬೇಡ, ನೆಟ್ ಅನ್ನೇ ಕಿತ್ತುಹಾಕಿ, ಹಿಂದಿನಂತೆ ವಿಭಾಗಗಳೇ ಆರಿಸಿಕೊಳ್ಳಲಿ ಎಂದು. ಅವರ ಅಸಮಾಧಾನದ ಅರ್ಧ ನನಗೆ ಒಪ್ಪಿಗೆ. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಒಂದು ಶತಮಾನದ ವಿದ್ವತ್ತನ್ನು ಬೆಳೆಸಿದೆ. ವಡ್ಡಾರಾಧನೆಯ ಕರ್ತೃ ಯಾರು, ಅದರ ನಿಜವಾದ ಹೆಸರೇನು ಎಂಬುದರ ಮೇಲೆ ಹಿರಿಯರು ಜಗಳವಾಡಿದ್ದಾರೆ. ಸಂಶೋಧನೆ ಶುರುವಾಗುವುದೇ ಅಂಥ ಕಡೆ. ನಾಲ್ಕು ಆಯ್ಕೆಗಳ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಕೀ ಉತ್ತರ ತಪ್ಪೆಂದು ವಿದ್ಯಾರ್ಥಿಗೆ ಅನಿಸಿದರೆ ಪ್ರಶ್ನೆಯೊಂದಕ್ಕೆ 200 ರೂಪಾಯಿ ಕಟ್ಟಿ ಆಕ್ಷೇಪಿಸಬೇಕು. ನೆಟ್‌ನ ಮೂರನೇ ಪತ್ರಿಕೆ ವಿವರಣಾತ್ಮಕವಾಗಿದ್ದ ಕಾಲದಲ್ಲಿ ಪರೀಕ್ಷೆ ಬರೆದವನು ನಾನು. ಒಂದು ವಾದವನ್ನು ಕಟ್ಟಬಲ್ಲೆನೇ ಎಂದು ಅದು ಕೇಳುತ್ತಿತ್ತು. 2012ರಲ್ಲಿ ಅದೂ ಬಹು ಆಯ್ಕೆಯದಾಯಿತು.

ಆದರೆ 'ವಿಭಾಗಗಳೇ ಆರಿಸಿಕೊಳ್ಳಲಿ' ಎಂಬ ಮಾತನ್ನು ನಾನು ಒಪ್ಪಲಾರೆ. ಯಾರ ಶಿಷ್ಯ, ಯಾವ ಊರು, ಯಾವ ಮಠದ ಹಾಸ್ಟೆಲು, ಯಾವ ಜಾತಿ ಎಂದು ಕೇಳದೆ ಸೀಟು ಕೊಟ್ಟ ಕಾಲ ನಮ್ಮ ವಿಭಾಗಗಳಲ್ಲಿ ಎಂದಿತ್ತು? ಕಂಪ್ಯೂಟರ್ ಅಡ್ಡಹೆಸರು ನೋಡಿ ಅಂಕ ಕೊಡುವುದಿಲ್ಲ. ಅಪ್ಪ-ಅಮ್ಮನ ಹೆಸರು ಹೇಳಿದರೆ ಯಾರೂ ಗುರುತು ಹಿಡಿಯದ ಮನೆಗಳಿಂದ ಬಂದ ಎಷ್ಟೋ ಮಕ್ಕಳು ಇವತ್ತು ಅಧ್ಯಾಪಕರಾಗಿರುವುದು ಈ ಕುರುಡು ಪರೀಕ್ಷೆಯಿಂದಲೇ. ಆ ಕುರುಡುತನ ನನಗೆ ಬೇಕು. ನನ್ನ ತಕರಾರು, ಅದು ಸಾಕಷ್ಟು ಕುರುಡಾಗಿಲ್ಲ ಎಂಬುದು. ಜಾತಿ ನೋಡದ ಪರೀಕ್ಷೆ ಭಾಷೆ ನೋಡುತ್ತಿದೆ. ನಮ್ಮಲ್ಲಿ ಇಂಗ್ಲಿಷ್ ಯಾರಿಗೆ ಸಿಕ್ಕಿದೆ ಎಂದು ವಿಚಾರಿಸಿದರೆ ಹಿಂಬಾಗಿಲಿನಿಂದ ಜಾತಿಯೂ ಒಳಗೆ ಬಂದಿರುತ್ತದೆ.

2024ರ ಜೂನ್ 18ರಂದು ನಡೆದ ನೆಟ್ ಮರುದಿನವೇ ರದ್ದಾಯಿತು. ದೇಶವಿಡೀ ಸಿಟ್ಟಾಯಿತು, ಆಗಲೇಬೇಕಿತ್ತು. ಆದರೆ ಯಾವ ಸೋರಿಕೆಯೂ ಇಲ್ಲದೆ, ಎಲ್ಲ ನಿಯಮಗಳ ಪ್ರಕಾರ ನಡೆದ ಪರೀಕ್ಷೆಯಲ್ಲೂ ವರ್ಷಕ್ಕೆರಡು ಸಲ ಕನ್ನಡದ ಮಕ್ಕಳು ಹತ್ತಾರು ಅಂಕ ಕಳೆದುಕೊಳ್ಳುತ್ತಿದ್ದಾರೆ. ಆ ಬಗ್ಗೆ ಒಂದು ವಿಭಾಗವೂ ಬೀದಿಗಿಳಿದದ್ದನ್ನು ನಾನು ನೋಡಿಲ್ಲ. ನಾನೂ ಇಳಿದಿಲ್ಲ. ಭಾನುವಾರ ತರಗತಿ ಮಾಡಿ, ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟು, ಕೆಲಸ ಮುಗಿಯಿತೆಂದುಕೊಂಡೆ.

ಹೀಗಾಗಲೇಬೇಕೆಂದಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮ್ಸ್‌ನಲ್ಲಿ ಸಿಸ್ಯಾಟ್ ಪತ್ರಿಕೆಯ ವಿರುದ್ಧ 2014ರಲ್ಲಿ ಹಿಂದಿ ಮತ್ತಿತರ ಭಾಷೆಗಳ ಅಭ್ಯರ್ಥಿಗಳು ದೆಹಲಿಯ ಬೀದಿಗಳಲ್ಲಿ ಹೋರಾಡಿದರು. ಮರುವರ್ಷ ಆ ಪತ್ರಿಕೆಯ ಅಂಕ ರ‍್ಯಾಂಕಿಗೆ ಸೇರುವುದು ನಿಂತಿತು. ಈಗ ಅದರಲ್ಲಿ ಶೇ. 33 ಪಡೆದರೆ ಸಾಕು. ದೇಶದ ಅತಿ ದೊಡ್ಡ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಸಾಧ್ಯವಾದದ್ದು ಕನ್ನಡ ಮೇಷ್ಟ್ರನ್ನು ಆರಿಸುವಲ್ಲಿ ಯಾಕೆ ಸಾಧ್ಯವಿಲ್ಲ?

ನನ್ನ ಬೇಡಿಕೆ ಸಣ್ಣದು. ಮೊದಲ ಪತ್ರಿಕೆಯನ್ನು ಕನ್ನಡದಲ್ಲೂ ಕೊಡಿ. ಅದು ಆಗುವವರೆಗೆ ಆ ಪತ್ರಿಕೆಯನ್ನು ತೇರ್ಗಡೆಗೆ ಮಾತ್ರ ಇಟ್ಟು, ರ‍್ಯಾಂಕನ್ನು ವಿಷಯದ ಇನ್ನೂರು ಅಂಕಗಳ ಮೇಲೆ ನಿರ್ಧರಿಸಿ. ಬರೆದು ಉತ್ತರಿಸುವ ಒಂದು ಭಾಗವನ್ನು ಮರಳಿ ತಂದು, ಹೆಸರು ಮರೆಮಾಡಿ ಇಬ್ಬರಿಂದ ಮೌಲ್ಯಮಾಪನ ಮಾಡಿಸಿದರೆ ಇನ್ನೂ ಒಳ್ಳೆಯದು. ಇದನ್ನು ಕೇಳಬೇಕಾದವರು ವಿದ್ಯಾರ್ಥಿಗಳಲ್ಲ. ಕನ್ನಡ ವಿಶ್ವವಿದ್ಯಾಲಯ, ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಪ್ರತಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ನವೆಂಬರಿನಲ್ಲಿ ವೇದಿಕೆಯೇರುವ ನಾವೆಲ್ಲ.

ಅಲ್ಲಿಯವರೆಗೆ ಪರೀಕ್ಷೆ ಬರೆಯುವವರಿಗೆ ಮೇಷ್ಟ್ರಾಗಿ ನಾಲ್ಕು ಮಾತು. ಕನ್ನಡ ಪತ್ರಿಕೆಯನ್ನು ಮೊದಲು ಮುಗಿಸಿ, ಅಲ್ಲಿ ಉಳಿಸಿದ ಸಮಯವನ್ನು ಮೊದಲ ಪತ್ರಿಕೆಯ ಇಂಗ್ಲಿಷಿಗೆ ಕೊಡಿ. ಭಾಷೆ ಕಡಿಮೆ ಬೇಡುವ ಗಣಿತ, ಸಂಖ್ಯಾಸರಣಿ, ದತ್ತಾಂಶದ ಕೋಷ್ಟಕಗಳನ್ನು ಬಿಡಬೇಡಿ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಫಲಿತಾಂಶ ಬಂದಾಗ ಪರ್ಸೆಂಟೈಲ್ ನೋಡುವ ಮೊದಲು ಎರಡು ಪತ್ರಿಕೆಗಳ ಅಂಕಗಳನ್ನು ಬೇರೆ ಬೇರೆ ನೋಡಿ. ನೀವು ಎಲ್ಲಿ ಸೋತಿರಿ, ನಿಮ್ಮನ್ನು ಎಲ್ಲಿ ಸೋಲಿಸಲಾಯಿತು ಎಂಬುದು ಅಲ್ಲಿ ಕಾಣುತ್ತದೆ.

ನನ್ನ ವಿದ್ಯಾರ್ಥಿನಿ ಮತ್ತೆ ಪರೀಕ್ಷೆಗೆ ಕಟ್ಟಿದ್ದಾಳೆ. ಈ ಸಲ ರಿವಾಯತ್ ಪದಗಳ ಫೈಲುಗಳನ್ನು ಮುಚ್ಚಿಟ್ಟು ಇಂಗ್ಲಿಷ್ ಗದ್ಯಭಾಗಗಳನ್ನು ಓದುತ್ತಿದ್ದಾಳೆ. ಮೊಹರಂ ಬಂದು ಹೋಯಿತು, ಹಳ್ಳಿಗಳಿಗೆ ಹೋಗಲಿಲ್ಲವಂತೆ. ಅವಳಿಗೆ ಹಾಡು ಕೊಡುತ್ತಿದ್ದ ಮುದುಕರೊಬ್ಬರು ಈ ವರ್ಷ ಹಾಡುವ ಸ್ಥಿತಿಯಲ್ಲಿರಲಿಲ್ಲವೆಂದು ಆಮೇಲೆ ತಿಳಿಯಿತಂತೆ. "ಪೇಪರ್ ಒನ್ ಒಂದು ದಾಟ್ಲಿ ಸರ್, ಆಮ್ಯಾಲೆ ಹೊಕ್ಕೀನಿ" ಎಂದಳು. ಆಗಲಿ ಎಂದೆ. ಬೇರೆ ಏನು ಹೇಳುವುದಕ್ಕೂ ನನಗೆ ಮುಖವಿರಲಿಲ್ಲ.